ಕೈ ತೊಳೆಯಿರಿ ಅಂದರು ಸರಿ, ಯಾಕೆ ಅಂತ ಹೇಳಿದರೆ?



2009ರ ಆಗಸ್ಟ್ ತಿಂಗಳು ಪುಣೆಯಲ್ಲಿದ್ದವರಿಗೆ ಇನ್ನೂ ನೆನಪಿರಬಹುದು. ಎಚ್1ಎನ್1, ಅಂದರೆ ಜನರ ಬಾಯಲ್ಲಿ ಹಂದಿಜ್ವರ. ಅದರಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು ಆ ತಿಂಗಳ 3ರಂದು, ಪುಣೆಯಲ್ಲಿ. ಶಾಲೆಗಳಿಗೆ ಬೀಗ ಬಿತ್ತು. ಔಷಧಿ ಅಂಗಡಿಗಳಲ್ಲಿ ಮಾಸ್ಕ್ ಖಾಲಿ. ಸ್ಕೂಟರ್ ಸವಾರರ ಮುಖಕ್ಕೆಲ್ಲ ಕರವಸ್ತ್ರ, ದುಪಟ್ಟಾ. ಏಲಕ್ಕಿ-ಕರ್ಪೂರದ ಗಂಟು ಮೂಸಿದರೆ ರೋಗ ಹತ್ತಿರ ಸುಳಿಯದು ಎಂಬ ಸುದ್ದಿ ಬೇರೆ! ಮುಂಬೈಯಲ್ಲೂ ಸಿನಿಮಾ ಮಂದಿರಗಳು ಕೆಲ ದಿನ ಮುಚ್ಚಿದವು.

ಹನ್ನೊಂದು ವರ್ಷ ಕಳೆದು ಕೋವಿಡ್ ಬಂತು. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲಿ. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಉಪದೇಶ. ಕೈ ತೊಳೆಯಿರಿ, ಮಾಸ್ಕ್ ಹಾಕಿ ಎಂಬ ಪಾಠ ಮತ್ತೆ ಒಂದರಿಂದ ಶುರು. ಹಾಗಾದರೆ 2009ರಲ್ಲಿ ಕಲಿತದ್ದು ಎಲ್ಲಿ ಹೋಯಿತು?

ಏನು ಮಾಡಬೇಕು ಅಂತ ಎಲ್ಲರೂ ಹೇಳಿದರು, ಯಾಕೆ ಅಂತ ಹೇಳಿದವರು ಕಡಿಮೆ. ಕಾರಣ ಗೊತ್ತಿಲ್ಲದೆ ಮಾಡಿದ ಕೆಲಸ ಶಾಸ್ತ್ರಕ್ಕಷ್ಟೇ ಉಳಿಯುತ್ತದೆ. ಮಾಸ್ಕ್ ಗದ್ದಕ್ಕೆ, ಮೂಗು ಬಯಲಿಗೆ! ಹಾಗಾಗಿ ಇವತ್ತು ‘ಯಾಕೆ’ ನೋಡೋಣ.

ಸೋಪು ಏನು ಮಾಡುತ್ತದೆ?

ತುಪ್ಪದ ಪಾತ್ರೆಯನ್ನು ಬರೀ ನೀರಲ್ಲಿ ತೊಳೆದು ನೋಡಿ, ಜಿಡ್ಡು ಹೋಗುವುದಿಲ್ಲ. ಸೋಪು ಬೇಕೇ ಬೇಕು. ಎಚ್1ಎನ್1 ಮತ್ತು ಕೋವಿಡ್ ವೈರಸ್‌ಗಳ ಹೊರಮೈಯೂ ಅಂಥದೇ ಒಂದು ಜಿಡ್ಡಿನ ಪದರ. ಸೋಪು ಆ ಪದರವನ್ನು ಒಡೆಯುತ್ತದೆ, ಅಲ್ಲಿಗೆ ವೈರಸ್ ಕಥೆ ಮುಗಿಯಿತು. ಆದರೆ ಸೋಪಿಗೂ ಸ್ವಲ್ಪ ಸಮಯ ಬೇಕು, ಕನಿಷ್ಠ 20 ಸೆಕೆಂಡು. ಗಡಿಯಾರ ನೋಡಬೇಡಿ, ನಿಮ್ಮಿಷ್ಟದ ಹಾಡಿನ ಪಲ್ಲವಿ ಒಮ್ಮೆ ನಿಧಾನಕ್ಕೆ ಗುನುಗಿಕೊಳ್ಳಿ, ಸಾಕು. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ - ನಾವು ಮರೆಯುವ ಜಾಗಗಳು ಇವೇ.

ನೀರು ಸಿಗದ ಕಡೆ ಸ್ಯಾನಿಟೈಜರ್ ಆಗಬಹುದು. ಅದರಲ್ಲಿ ಆಲ್ಕೋಹಾಲ್ ಶೇಕಡಾ 60ಕ್ಕಿಂತ ಕಡಿಮೆ ಇರಬಾರದು. ಕೈಯಲ್ಲಿ ಮಣ್ಣು, ಎಣ್ಣೆ ಇದ್ದರೆ ಮಾತ್ರ ಸೋಪೇ ಗತಿ.

ಊರಲ್ಲಿ ಅಜ್ಜಿ, ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬಂದರೆ ಬಿಡುತ್ತಿದ್ದರೆ? ಬಾಗಿಲಲ್ಲೇ ತಂಬಿಗೆ ನೀರು ಇರುತ್ತಿತ್ತು. ಈ ಊರಿನ ಫ್ಲ್ಯಾಟಿಗೆ ಬಂದ ಮೇಲೆ ತಂಬಿಗೆ ಹೋಯಿತು, ಅಭ್ಯಾಸವೂ ಅದರ ಜೊತೆಗೇ ಹೋಯಿತು.

ಮಾಸ್ಕ್ ಮೂಗಿಗೆ

ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗಲೂ ಸಣ್ಣ ಹನಿಗಳು ಹೊರಬೀಳುತ್ತವೆ. ನಮ್ಮದು ಬೇರೆಯವರಿಗೆ, ಅವರದು ನಮಗೆ ತಲುಪದಂತೆ ಮಾಸ್ಕ್ ತಡೆಯುತ್ತದೆ. ಬದಿಯಲ್ಲಿ ಸಂದಿ ಇದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಆದ್ದರಿಂದಲೇ ಸಡಿಲವಾಗಿ ಕಟ್ಟಿದ ಕರವಸ್ತ್ರಕ್ಕಿಂತ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಮೇಲು. ಬೆಳಗ್ಗಿನ ಲೋಕಲ್ ಟ್ರೈನಿನಲ್ಲಿ ಅಂತರ ಕಾಪಾಡಿ ಎಂದರೆ ನಗು ಬರುತ್ತದೆ. ಅಂತರ ಸಾಧ್ಯವಿಲ್ಲದ ಕಡೆಯೇ ಮಾಸ್ಕ್ ಹೆಚ್ಚು ಬೇಕು. ಮಳೆಯಲ್ಲಿ ನೆನೆದರೆ ಬದಲಾಯಿಸಿ. ಮಾಸ್ಕ್ ಇಲ್ಲದಾಗ ಸೀನು ಬಂದರೆ ಅಂಗೈ ಬೇಡ, ಮೊಣಕೈ ಮಡಚಿ ಅಡ್ಡ ಹಿಡಿಯಿರಿ.

ಊದುಬತ್ತಿಯ ಲೆಕ್ಕ

2020ರಲ್ಲಿ ನಾವೆಲ್ಲ ತರಕಾರಿಯನ್ನು, ಹಾಲಿನ ಪ್ಯಾಕೆಟನ್ನು ತಿಕ್ಕಿ ತಿಕ್ಕಿ ತೊಳೆದೆವು. ಕೋವಿಡ್ ಹೆಚ್ಚಾಗಿ ಹರಡುವುದು ಮುಚ್ಚಿದ ಕೋಣೆಯ ಗಾಳಿಯಿಂದ, ವಸ್ತುಗಳನ್ನು ಮುಟ್ಟಿ ಬರುವುದು ಕಡಿಮೆ ಎಂದು ಆಮೇಲೆ ತಿಳಿಯಿತು. ‘ದಿನಕ್ಕೊಂದು ಹೇಳುತ್ತಾರೆ’ ಎಂದು ಆಗ ಬೈದವರಿದ್ದಾರೆ. ಹೊಸ ರೋಗ, ತಿಳಿವಳಿಕೆ ಬೆಳೆದಂತೆ ಸಲಹೆಯೂ ಬದಲಾಗಲೇಬೇಕಲ್ಲ?

ಬಾಗಿಲು-ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ, ಹತ್ತು ನಿಮಿಷದಲ್ಲಿ ಕೋಣೆ ತುಂಬಾ ಹೊಗೆ. ಎದುರು-ಬದುರಿನ ಎರಡು ಕಿಟಕಿ ತೆರೆಯಿರಿ, ಹೊಗೆ ಮಾಯ. ರೋಗಿಯ ಉಸಿರಿನದೂ ಇದೇ ಲೆಕ್ಕ. ಮನೆಯ ಸ್ಪ್ಲಿಟ್ ಏಸಿ ಹೊಸ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ.

ಮಾತ್ರೆ ನುಂಗಿ ಆಫೀಸಿಗೆ?

ಮಾತ್ರೆಯಿಂದ ಜ್ವರ ಇಳಿಯುತ್ತದೆ, ವೈರಸ್ ಅಲ್ಲೇ ಇರುತ್ತದೆ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದ ಐದಾರು ದಿನಗಳವರೆಗೆ ಬೇರೆಯವರಿಗೆ ಹಂಚಬಲ್ಲರು. ಆ ದಿನಗಳಲ್ಲಿ ಮನೆಯಲ್ಲಿರುವುದೇ ಉಪಕಾರ. ಆಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಗುಣ, ಆದರೆ ಅದನ್ನು ವೈದ್ಯರೇ ಬರೆದುಕೊಡಬೇಕು. ಪಕ್ಕದ ಮನೆಯವರ ಚೀಟಿ ನಡೆಯುವುದಿಲ್ಲ! ಕರ್ಪೂರದ ಗಂಟಂತೂ ಮಕ್ಕಳ ಕೈಗೆ ಸಿಗಲೇಬಾರದು, ಬಾಯಿಗೆ ಹಾಕಿಕೊಂಡರೆ ವಿಷ.

ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಜ್ವರ ಬಂದ ಮೊದಲ ದಿನವೇ ವೈದ್ಯರನ್ನು ಕಾಣಲಿ. ಫ್ಲೂ ಲಸಿಕೆಯ ಬಗ್ಗೆಯೂ ಕೇಳಲಿ. ವೈರಸ್ ರೂಪ ಬದಲಿಸುವುದರಿಂದ ಅದನ್ನು ಪ್ರತಿವರ್ಷ ಹಾಕಿಸಿಕೊಳ್ಳಬೇಕು. ಉಸಿರಾಟಕ್ಕೆ ಕಷ್ಟ, ಎದೆನೋವು, ತುಟಿ ನೀಲಿಗಟ್ಟುವುದು, ಮಾತು ತಪ್ಪುವುದು, ಇಳಿದ ಜ್ವರ ಮತ್ತೆ ಜೋರಾಗುವುದು - ಯಾರಿಗೇ ಇವು ಕಂಡರೂ ತಡಮಾಡದೆ ಆಸ್ಪತ್ರೆಗೆ.

ಅಮ್ಮನಿಗೆ ಹೇಳಿದಿರಾ?

ನೋಟೀಸು ಮರಾಠಿಯಲ್ಲೋ, ಹಿಂದಿಯಲ್ಲೋ, ತಮಿಳು-ತೆಲುಗಿನಲ್ಲೋ ಇರುತ್ತದೆ. ನಿಮಗೆ ಅರ್ಥವಾಗುತ್ತದೆ. ಆದರೆ ಊರಿಂದ ಬಂದು ನಿಮ್ಮ ಜೊತೆಗಿರುವ ಅಮ್ಮ, ಅಪ್ಪ, ಅತ್ತೆ-ಮಾವ? ರೋಗ ಹೆಚ್ಚು ಕಾಡುವುದು ಅವರನ್ನೇ, ಹಗಲಿಡೀ ಮನೆಯಲ್ಲಿ ಒಂಟಿಯಾಗಿರುವವರೂ ಅವರೇ.

ಇವತ್ತು ರಾತ್ರಿ ಊಟವಾದ ಮೇಲೆ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮನೆಯ ವಿಳಾಸ ಬರೆಯಿರಿ. ಜೊತೆಗೆ ಆಂಬ್ಯುಲೆನ್ಸ್ ನಂಬರು: ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ 108, ದೆಹಲಿಯಲ್ಲಿ 102. ಕೆಳಗೆ ‘ಉಸಿರಾಡಲು ಕಷ್ಟವಾಗುತ್ತಿದೆ’ ಎಂಬುದನ್ನು ಅಲ್ಲಿನ ಭಾಷೆಯಲ್ಲಿ, ಆದರೆ ಕನ್ನಡ ಲಿಪಿಯಲ್ಲಿ ಬರೆಯಿರಿ:

ಮರಾಠಿ: ಶ್ವಾಸ ಘ್ಯಾಯಲಾ ತ್ರಾಸ ಹೋತೋಯ್.
ಹಿಂದಿ: ಸಾಂಸ್ ಲೇನೇ ಮೇಂ ತಕ್‌ಲೀಫ್ ಹೈ.
ತಮಿಳು: ಮೂಚ್ಚು ತಿಣರುದು.
ತೆಲುಗು: ಊಪಿರಿ ಆಡಟಂ ಲೇದು.

ಫೋನಿನ ಪಕ್ಕ ಅಂಟಿಸಿ, ಅಮ್ಮನಿಂದ ಎರಡು ಸಲ ಓದಿಸಿ. ನಗುತ್ತಾರೆ, ನಗಲಿ. ಬೇಕಾದ ಹೊತ್ತಿಗೆ ನಾಲಿಗೆಗೆ ಬಂದರೆ ಸಾಕು.

2009ರ ಆ ವೈರಸ್ ಎಲ್ಲೂ ಓಡಿಹೋಗಿಲ್ಲ, ಮಾಮೂಲಿ ಫ್ಲೂ ಆಗಿ ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ ಬಂದುಹೋಗುತ್ತದೆ. ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು, ವೈರಸ್ ಮಾತ್ರ ಉಳಿದಿದೆ. ಮುಂದಿನ ಸಲ ಪಾಠ ಒಂದರಿಂದ ಶುರುವಾಗದಿರಲಿ.

ಹಾಳೆ ಅಂಟಿಸಿದಿರಾ? ನಮ್ಮ ಕಾರ್ಯಕ್ರಮಕ್ಕೆ ಬರೆದು ತಿಳಿಸಿ. ಮತ್ತೆ ಸಿಗೋಣ, ಆರೋಗ್ಯವಾಗಿರಿ.