ಪರ್ವತದ ಮೇಲೆ ತಲೆನೋವನ್ನು ಮುಚ್ಚಿಡಬೇಡಿ

ನಿಮ್ಮ ಮನೆಯಲ್ಲಿ ಮೈ ಹುಷಾರಿಲ್ಲದಿದ್ದರೆ ಅದನ್ನು ಎಲ್ಲರಿಗಿಂತ ಕೊನೆಗೆ ಹೇಳುವವರು ಯಾರು? ಬಹುತೇಕ ಮನೆಗಳಲ್ಲಿ ತಾಯಿ. ನಂತರದ ಸ್ಥಾನ ತಂದೆಗೆ. ಇವರಿಬ್ಬರನ್ನು ನೋಡಿ ಬೆಳೆದ ಮಕ್ಕಳೂ ಕ್ರಮೇಣ ಅದೇ ಸಾಲಿಗೆ ಸೇರುತ್ತಾರೆ. 'ನನ್ನಿಂದ ಉಳಿದವರಿಗೇಕೆ ತೊಂದರೆ' ಎಂಬ ಈ ಗುಣವನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ಆದರೆ ಎತ್ತರದ ಪರ್ವತಗಳಲ್ಲಿ ಇದೇ ಗುಣ ಪ್ರಾಣಕ್ಕೆ ಕುತ್ತಾಗಬಹುದು. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ಮಗಳಿಂದ.

2016ರ ಆಗಸ್ಟ್‌ನಲ್ಲಿ ಶಾಲೆಗೆ ರಜೆ ಹಾಕಿ ನಾನು, ಪತ್ನಿ, 13ರ ಹರೆಯದ ಮಗಳು ಹಾಗೂ 10ರ ಹರೆಯದ ಮಗ ಲಡಾಖ್‌ನ ಮಾರ್ಖಾ ಕಣಿವೆಯಲ್ಲಿ ಕಾಲ್ನಡಿಗೆಯ ಪ್ರಯಾಣ ಕೈಗೊಂಡೆವು. ಹಳ್ಳಿಯಿಂದ ಹಳ್ಳಿಗೆ ನಡೆಯುವುದು, ರಾತ್ರಿ ಅಲ್ಲಿನ ಮನೆಗಳಲ್ಲಿ ತಂಗುವುದು. ಎರಡು ವರ್ಷ ಹಣ ಕೂಡಿಟ್ಟು ಹೊರಟ ಪ್ರಯಾಣವದು. ಚಿಲ್ಲಿಂಗ್‌ನಲ್ಲಿ ಮೊದಲ ಹೆಜ್ಜೆ ಇಡುವಾಗ ನಾನು ಮಕ್ಕಳನ್ನು ಹುರಿದುಂಬಿಸಲೆಂದು, "ಸುಸ್ತು ಅಂದವರು ಸೋತವರು" ಎಂದು ನಗುತ್ತಾ ಹೇಳಿದೆ. ಆ ಮಾತಿನ ಬೆಲೆ ನನಗಾಗ ತಿಳಿದಿರಲಿಲ್ಲ.

ಉಸಿರು ಹಿಡಿಯುವ ರೋಗ

ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಅದರ ಎತ್ತರ ಸುಮಾರು 1,930 ಮೀಟರ್. ಲೇಹ್ ಪಟ್ಟಣ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ಅಂದರೆ ವಿಮಾನದಿಂದ ಇಳಿದ ಕ್ಷಣದಲ್ಲೇ ನಾವು ನಮ್ಮ ನಾಡಿನ ಎಲ್ಲ ಬೆಟ್ಟಗಳಿಗಿಂತ ಮೇಲಿರುತ್ತೇವೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅಲ್ಲಿಯೂ ಶೇ. 21ರಷ್ಟೇ. ಆದರೆ ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. 5,500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಹಾಗಾಗಿ ಪ್ರತಿ ಉಸಿರಿನಲ್ಲೂ ನಮಗೆ ಸಿಗುವ ಆಮ್ಲಜನಕ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಕೆಲವು ದಿನಗಳು ಬೇಕು. ನಾವು ಅವಸರ ಮಾಡಿದರೆ ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ತಲೆಸುತ್ತು, ವಿಪರೀತ ಆಯಾಸ ಕಾಣಿಸಿಕೊಳ್ಳುತ್ತವೆ.

ಇದು ಹೊಸ ರೋಗವೇನಲ್ಲ. 16ನೇ ಶತಮಾನದಲ್ಲಿ ಮಿರ್ಜಾ ಮುಹಮ್ಮದ್ ಹೈದರ್ ದುಘ್ಲಾತ್ ತಮ್ಮ 'ತಾರೀಖೆ ರಶೀದಿ' ಎಂಬ ಫಾರ್ಸಿ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಅವರು ಕೊಟ್ಟ ಹೆಸರು 'ದಮ್‌ಗೀರಿ'. ದಮ್ ಎಂದರೆ ಉಸಿರು, ಗೀರಿ ಎಂದರೆ ಹಿಡಿಯುವುದು. ಅವರ ಒಡೆಯನಾಗಿದ್ದ ಸುಲ್ತಾನ್ ಸಯೀದ್ ಖಾನ್ 1533ರಲ್ಲಿ ಲಡಾಖ್‌ನಿಂದ ಹಿಂದಿರುಗುವಾಗ ಇದೇ ಕಾಯಿಲೆಗೆ ಬಲಿಯಾದ. ಒಂದು ಸೈನ್ಯಕ್ಕೆ ಆಜ್ಞೆ ಕೊಡುತ್ತಿದ್ದವನ ಮಾತನ್ನೂ ಪರ್ವತ ಕೇಳಲಿಲ್ಲ. ದೇಹದಾರ್ಢ್ಯವೂ ಇಲ್ಲಿ ರಕ್ಷಣೆಯಲ್ಲ. ದಿನಾ ಓಡುವ ಯುವಕ ಮಲಗಿಬಿಡಬಹುದು, ನಿಧಾನವಾಗಿ ನಡೆಯುವ ಅಜ್ಜಿ ಆರಾಮವಾಗಿರಬಹುದು.

ನಿಮಾಲಿಂಗ್‌ನ ಆ ರಾತ್ರಿ

ಲೇಹ್‌ನಲ್ಲಿ ನಾವು ಮೂರು ದಿನ ವಿಶ್ರಾಂತಿ ಪಡೆದೆವು. ಅದು ಸರಿಯಾಗಿತ್ತು. ತಪ್ಪಿದ್ದು ನಂತರ. ಹಂಕರ್ ಹಳ್ಳಿ ಸುಮಾರು 4,000 ಮೀಟರ್ ಎತ್ತರದಲ್ಲಿದೆ, ನಿಮಾಲಿಂಗ್ ಹುಲ್ಲುಗಾವಲು ಸುಮಾರು 4,800 ಮೀಟರ್. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು ಎಂಬುದು ನಿಯಮ. ನಮ್ಮ ಮಾರ್ಗದರ್ಶಿ ಮಧ್ಯದಲ್ಲಿ ಒಂದು ರಾತ್ರಿ ತಂಗೋಣವೆಂದ. "ರಜೆ ಮುಗಿಯುತ್ತದೆ" ಎಂದು ನಾನೇ ಒಪ್ಪಲಿಲ್ಲ.

ಅಂದು ಸಂಜೆ ಡೇರೆಯಲ್ಲಿ ತಮ್ಮ ಎಷ್ಟು ಕೆಣಕಿದರೂ ಮಗಳು ತಿರುಗಿ ಒಂದು ಮಾತಾಡಲಿಲ್ಲ. ಊಟದ ತಟ್ಟೆಯನ್ನು ಮೆಲ್ಲನೆ ಅವನ ಕಡೆಗೆ ಸರಿಸಿದಳು. ಇದನ್ನು ಗಮನಿಸಿದ್ದು ನನ್ನ ಪತ್ನಿ. ಹತ್ತಿರ ಕೂರಿಸಿಕೊಂಡು ಕೇಳಿದಾಗ ನಿಜ ಹೊರಬಿತ್ತು. ಮಧ್ಯಾಹ್ನದಿಂದಲೇ ತಲೆನೋವು. ಒಮ್ಮೆ ಬಂಡೆಯ ಹಿಂದೆ ಹೋಗಿ ವಾಂತಿಯನ್ನೂ ಮಾಡಿದ್ದಳು.

"ಯಾಕೆ ಹೇಳಲಿಲ್ಲ ಮಗಳೇ?" ಎಂದೆ.

"ಸುಸ್ತು ಅಂದವರು ಸೋತವರು ಅಂತ ನೀವೇ ಹೇಳಿದ್ರಲ್ಲ ಅಬ್ಬಾ?"

ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಎರಡು ದಿನಗಳಿಂದ ನನಗೂ ತಲೆ ಸಿಡಿಯುತ್ತಿತ್ತು. ಯಾರಿಗೂ ಕಾಣದಂತೆ ನುಂಗಿದ ಮಾತ್ರೆಗಳ ಖಾಲಿ ಹಾಳೆ ನನ್ನ ಜೇಬಿನಲ್ಲೇ ಇತ್ತು.

ಮಾರ್ಗದರ್ಶಿ ಅವಳನ್ನು ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಸಿದ. ನಡೆದಳು. ಮೆದುಳಿಗೆ ಬಾವು ಬಂದಿದ್ದರೆ ಹಾಗೆ ನಡೆಯಲಾಗದು. ಪ್ಯಾರಸಿಟಮಾಲ್ ಕೊಟ್ಟು ಕಾದೆವು. ನೋವು ಇಳಿಯುವ ಬದಲು ಏರಿತು, ಮತ್ತೆ ವಾಂತಿಯಾಯಿತು. "ಬೆಳಗಿನವರೆಗೆ ಕಾಯುವುದು ಬೇಡ" ಎಂದ ಆತ. ರಾತ್ರಿಯೇ ಅವಳನ್ನು ಕುದುರೆಯ ಮೇಲೆ ಕೂರಿಸಿ, ಟಾರ್ಚ್ ಹಿಡಿದು ನಾಲ್ವರೂ ಬಂದ ದಾರಿಯಲ್ಲೇ ಇಳಿದೆವು. ನಾನು ಬೇಡವೆಂದಿದ್ದ ಅದೇ ಮಧ್ಯದ ಬೀಡಿಗೆ ಬಂದು ತಲುಪಿದೆವು. ಬೆಳಗಿನ ಜಾವ ಅವಳು ಕಣ್ಣು ಬಿಟ್ಟು, "ಬಿಸ್ಕೆಟ್ ಇದೆಯಾ ಅಮ್ಮಿ?" ಎಂದು ಕೇಳಿದಾಗ ನನ್ನ ಪತ್ನಿ ಅತ್ತುಬಿಟ್ಟಳು.

ನೀವು ಹೊರಡುವುದಾದರೆ

ಕುಟುಂಬದೊಂದಿಗೆ ಇಂತಹ ಪ್ರಯಾಣಕ್ಕೆ ಹೊರಡುವವರು ಈ ಕೆಲವು ವಿಷಯಗಳನ್ನು ಮನದಟ್ಟು ಮಾಡಿಕೊಳ್ಳಿ.

2,500 ಮೀಟರ್ ಮೇಲೆ ಯಾರಿಗೆ ಮೈ ಸರಿಯಿಲ್ಲದಿದ್ದರೂ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಎತ್ತರದ ಕಾಯಿಲೆಯೆಂದೇ ಭಾವಿಸಿ. ಲಕ್ಷಣಗಳಿರುವಾಗ ಒಂದು ಹೆಜ್ಜೆಯೂ ಮೇಲೇರಬೇಡಿ. ಅಲ್ಲೇ ವಿಶ್ರಮಿಸಿ. ಹೆಚ್ಚಾದರೆ ಹಗಲಿರಲಿ ರಾತ್ರಿಯಿರಲಿ ಇಳಿಯಿರಿ. ಕಾಯಿಲೆಯವರನ್ನು ಒಂಟಿಯಾಗಿ ಬಿಡಬೇಡಿ, ಒಂಟಿಯಾಗಿ ಕಳುಹಿಸಲೂಬೇಡಿ.

ನಡೆಯುವಾಗ ತೂರಾಡುವುದು, ಅಸಂಬದ್ಧ ಮಾತು, ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ಗುಲಾಬಿ ಬಣ್ಣದ ನೊರೆ ಕಫ - ಇವು ಮೆದುಳು ಅಥವಾ ಶ್ವಾಸಕೋಶಕ್ಕೆ ಅಪಾಯ ತಗಲಿದ್ದರ ಸೂಚನೆ. ಆಗ ತಡಮಾಡುವಂತಿಲ್ಲ. ಸಿಲಿಂಡರ್‌ನ ಆಮ್ಲಜನಕ ಸ್ವಲ್ಪ ಸಮಯ ಕೊಡುತ್ತದೆಯೇ ಹೊರತು ಇಳಿಯುವುದಕ್ಕೆ ಬದಲಿಯಾಗದು.

ಅಸೆಟಜೋಲಮೈಡ್ ಎಂಬ ಮಾತ್ರೆ ದೇಹ ಬೇಗ ಹೊಂದಿಕೊಳ್ಳಲು ನೆರವಾಗುತ್ತದೆ. ಅದು ಬೇಕೇ, ಎಷ್ಟು ಬೇಕು ಎಂಬುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ. ಮಕ್ಕಳಿಗೆ ತೂಕ ನೋಡಿ ಕೊಡಬೇಕಾಗುತ್ತದೆ. ಸಲ್ಫಾ ಔಷಧಿಗಳ ಅಲರ್ಜಿಯಿದ್ದರೆ ಮರೆಯದೆ ತಿಳಿಸಿ. ಹೃದಯ ಅಥವಾ ಶ್ವಾಸಕೋಶದ ತೊಂದರೆಯುಳ್ಳವರು, ಗರ್ಭಿಣಿಯರು ವೈದ್ಯರನ್ನು ಕಾಣದೆ ಹೊರಡಲೇಬಾರದು. ನಿದ್ದೆ ಮಾತ್ರೆ ಬೇಡ. ನೋವಿನ ಮಾತ್ರೆಯಿಂದ ತಲೆನೋವು ಅಡಗಿತೆಂದು ಮೇಲೇರಬೇಡಿ. ಮಾತು ಬಾರದ ಪುಟ್ಟ ಮಕ್ಕಳು ತಲೆನೋವೆಂದು ಹೇಳಲಾರರು. ರಚ್ಚೆ ಹಿಡಿಯುವುದು, ಉಣ್ಣದಿರುವುದು, ಆಟ ಬಿಡುವುದೇ ಅವರ ಭಾಷೆ.

ಪ್ರಯಾಣದ ಯೋಜನೆಯಲ್ಲಿ ಕನಿಷ್ಠ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಮ್ಮನ್ನು ಅಪಾಯಕ್ಕೆ ತಳ್ಳಿದ್ದು ಪರ್ವತವಲ್ಲ, ನನ್ನ ಕ್ಯಾಲೆಂಡರ್.

ಕಿರಿಯರಿಂದ ಆರಂಭಿಸಿ

ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಕಣಿವೆದಾರಿಯನ್ನು ನಾವು ದಾಟಲಿಲ್ಲ. ಮಗ ಒಂದು ದಿನವಿಡೀ ಮುನಿಸಿಕೊಂಡಿದ್ದ. ಹಿಂದಿರುಗುವ ದಾರಿಯಲ್ಲಿ ಪತ್ನಿ ಒಂದು ಪದ್ಧತಿ ತಂದಳು. ಬೆಳಿಗ್ಗೆ, ಸಂಜೆ ಎಲ್ಲರೂ ಕೂತು ತಲೆನೋವಿದೆಯೇ, ಉಂಡೆಯಾ, ನಿದ್ದೆ ಬಂತೇ ಎಂದು ಸರದಿಯಂತೆ ಹೇಳಬೇಕು. ಕಿರಿಯರು ಮೊದಲು. ಏಕೆಂದರೆ ಹಿರಿಯರು ಮೊದಲು "ನಾನು ಚೆನ್ನಾಗಿದ್ದೇನೆ" ಎಂದುಬಿಟ್ಟರೆ ಮಕ್ಕಳೂ ಅದನ್ನೇ ಹೇಳುತ್ತಾರೆ. ಆ ಮೊದಲ ಸಂಜೆಯೇ ನಾನು ಜೇಬಿನ ಖಾಲಿ ಹಾಳೆಯನ್ನು ಎಲ್ಲರ ಮುಂದೆ ಇಟ್ಟೆ.

ಆ ಪದ್ಧತಿ ನಮ್ಮೊಂದಿಗೆ ಮನೆಗೂ ಬಂತು. ವರ್ಷಗಟ್ಟಲೆ ಮಂಡಿನೋವನ್ನು ಬಾಯಿಬಿಟ್ಟು ಹೇಳದಿದ್ದ ಪತ್ನಿ ಅದನ್ನು ಹೇಳಿದ್ದು ಹಾಗೊಂದು ರಾತ್ರಿಯ ಊಟದಲ್ಲಿಯೇ. ಪರ್ವತಕ್ಕೆ ನೀವು ಹೋಗುವಿರೋ ಇಲ್ಲವೋ, ನಾನರಿಯೆ. ಆದರೆ ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯ ಕಿರಿಯರಿಂದ ಆರಂಭಿಸಿ ಒಮ್ಮೆ ಕೇಳಿ ನೋಡಿ. ಕೊನೆಗೆ ನಿಮ್ಮ ಸರದಿ ಬಂದಾಗ ನಿಜವನ್ನೇ ಹೇಳಿ.