ಮನೆ ಹೋದರೂ ಬಾಕಿ ಉಳಿಯಿತು

ನಾಗಪುರದ ಸೀತಾಬರ್ಡಿಗೆ ಹರಾಜಿನ ಕೂಗು ಹೊಸದಲ್ಲ. 1853ರ ಡಿಸೆಂಬರಿನಲ್ಲಿ ಅಲ್ಲಿನ ರಾಜ ಮೂರನೆಯ ರಘೂಜಿ ಭೋಸಲೆ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಮರುವರ್ಷವೇ ಗವರ್ನರ್ ಜನರಲ್ ಡಾಲ್‌ಹೌಸಿ ಆ ರಾಜ್ಯವನ್ನು ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಕ್ಕೆ ಬರೆದುಕೊಂಡ. ಆಮೇಲೆ ಅರಮನೆಯ ಆನೆ, ಒಂಟೆ, ಕುದುರೆ, ಎತ್ತುಗಳೆಲ್ಲ ಸೀತಾಬರ್ಡಿಯಲ್ಲಿ ಹರಾಜಿಗೆ ನಿಂತವು. ಒಡವೆಗಳು ಕಲ್ಕತ್ತೆಯ ಪೇಟೆಗೆ ಹೋದವು. ಸಾಮಾನು ಹೊರಗೆ ಸಾಗಿಸಿದರೆ ಅರಮನೆಗೇ ಬೆಂಕಿ ಇಡುತ್ತೇನೆಂದು ವೃದ್ಧ ರಾಣಿ ಬಾಂಕಾಬಾಯಿ ಗುಡುಗಿದಳು. ಸಾಮಾನು ಹೋಗುವುದೇನೂ ತಪ್ಪಲಿಲ್ಲ. ಪ್ರಾಣಿಗಳು ಮೂರು ಕಾಸಿಗೆ ಬಿಕರಿಯಾದವೆಂಬ ಆಕ್ಷೇಪ ಆ ಕಾಲದ ಇಂಗ್ಲಿಷ್ ಬರಹಗಳಲ್ಲೇ ಇದೆ.

ಅದು ಸಾಲದ ಹರಾಜಲ್ಲ, ದರ್ಪದ ಹರಾಜು. ಆದರೂ ಒತ್ತಾಯದ ಮಾರಾಟದಲ್ಲಿ ವಸ್ತುವಿಗೆ ಅದರ ಬೆಲೆ ಹುಟ್ಟುವುದಿಲ್ಲ ಎಂಬುದಕ್ಕೆ ಊರಿನಲ್ಲಿ ಅಷ್ಟು ಹಳೆಯ ಸಾಕ್ಷಿ ಉಂಟು. ಈಗ ಸೀತಾಬರ್ಡಿ ಗುಡ್ಡದ ಮೇಲಿನ ಕೋಟೆ ಸೈನ್ಯದ ವಶದಲ್ಲಿದೆ. ಕೆಳಗೆ ವೆರೈಟಿ ಚೌಕ, ಮೆಟ್ರೋ ಎರಡು ಮಾರ್ಗ ಕೂಡುವ ನಿಲ್ದಾಣ, ಕಾಲಿಡಲು ಜಾಗವಿಲ್ಲದ ಮೇನ್ ರೋಡ್, ಸುತ್ತಲೂ ಬ್ಯಾಂಕುಗಳ ಶಾಖೆಗಳು. ಇಂದು ಹರಾಜಿಗೆ ಬರುವುದು ಆನೆಯಲ್ಲ, ಎರಡು ಬೆಡ್‌ರೂಮಿನ ಫ್ಲ್ಯಾಟು. ಕೂಗುವವನೂ ಇಲ್ಲ. ಪೇಪರಿನಲ್ಲಿ ಸಣ್ಣ ಅಕ್ಷರದ ನೋಟಿಸು, ಕಂಪ್ಯೂಟರಿನಲ್ಲಿ ಬಿಡ್ಡು.

ಇಂಥ ನೋಟಿಸು ಬಂದ ಮನೆಗೆ ಮೊದಲು ತಲುಪುವುದು ವಕೀಲರಲ್ಲ, ಮೊಬೈಲಿನ ವಿಡಿಯೊ. ಅದರಲ್ಲಿ ಯಾರೋ ಅಮೆರಿಕದ ಶಾರ್ಟ್ ಸೇಲ್ ಬಗ್ಗೆ ಹೇಳುತ್ತಿರುತ್ತಾರೆ: ಮನೆಯ ಬೆಲೆ ಸಾಲಕ್ಕಿಂತ ಕೆಳಗಿಳಿದರೆ ಬ್ಯಾಂಕನ್ನು ಒಪ್ಪಿಸಿ, ಬಂದಷ್ಟಕ್ಕೆ ಮಾರಿ, ಬೀಗದ ಕೈ ಕೊಟ್ಟು ಹೊರಟುಬಿಡಿ, ಉಳಿದದ್ದು ಬ್ಯಾಂಕಿನ ಹಣೆಬರಹ. ಅರ್ಧ ನಿಜ ಬೆರೆಸಿದ ಸುಳ್ಳಿನಷ್ಟು ಗಟ್ಟಿಯಾದದ್ದು ಬೇರೊಂದಿಲ್ಲ.

ಅಮೆರಿಕದಲ್ಲೇ ಅದು ಅಷ್ಟು ಸಲೀಸಾಗಿರಲಿಲ್ಲ. 2007ರ ನಂತರ ಮನೆಗಳ ಬೆಲೆ ಕುಸಿದಾಗ ಲಕ್ಷಾಂತರ ಮನೆಗಳ ಮೇಲಿನ ಸಾಲ ಮನೆಯ ಬೆಲೆಯನ್ನೇ ಮೀರಿತು. ಮಾಲೀಕನೇ ಗಿರಾಕಿ ಹುಡುಕಿ ತರುವುದು, ಬ್ಯಾಂಕು ಲೆಕ್ಕ ಹಾಕಿ ಕಡಿಮೆ ಮೊತ್ತಕ್ಕೆ ಅಡಮಾನ ಬಿಡಿಸಿಕೊಡುವುದು, ಇದು ಶಾರ್ಟ್ ಸೇಲ್. ಬ್ಯಾಂಕು ಒಪ್ಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಡಮಾನ ಬಿಟ್ಟುಕೊಟ್ಟ ಮಾತ್ರಕ್ಕೆ ಉಳಿದ ಬಾಕಿಯನ್ನೂ ಬಿಟ್ಟಿತೆಂದಲ್ಲ. ಒಪ್ಪಿಗೆ ಪತ್ರದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಎಷ್ಟೋ ರಾಜ್ಯಗಳಲ್ಲಿ ಅದನ್ನು ಆಮೇಲೆ ವಸೂಲು ಮಾಡಬಹುದಿತ್ತು. ಬೇ ಏರಿಯಾದ ನಮ್ಮವರ ಮನೆಗಳಿರುವ ಕ್ಯಾಲಿಫೋರ್ನಿಯ ಅದಕ್ಕೆ ತಡೆ ಹಾಕಿದ್ದು 2011ರಲ್ಲಿ. ಬಿಟ್ಟ ಸಾಲವನ್ನು ಆದಾಯವೆಂದು ಎಣಿಸಿ ತೆರಿಗೆ ಕೇಳುವ ನಿಯಮವೂ ಇತ್ತು. ಸ್ವಂತ ವಾಸದ ಮನೆಗೆ ರಿಯಾಯಿತಿ ಕೊಡಲು 2007ರ ಡಿಸೆಂಬರಿನಲ್ಲಿ ಬೇರೆಯೇ ಕಾನೂನು ಬೇಕಾಯಿತು. ‘ನಿಮ್ಮ ಪರವಾಗಿ ಬ್ಯಾಂಕಿನ ಹತ್ತಿರ ಮಾತಾಡುತ್ತೇವೆ’ ಎಂದು ಮುಂಗಡ ಹಣ ಕಿತ್ತವರ ಸಂತೆಯೇ ನೆರೆಯಿತು. ಹಾಗೆ ಮುಂಗಡ ಕೇಳುವುದನ್ನೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2011ರ ಜನವರಿಯಿಂದ ನಿಷೇಧಿಸಿತು.

ಈ ಬಾಕಿಯ ತಕರಾರು ನಮ್ಮಲ್ಲಿ ಅಮೆರಿಕ ಹುಟ್ಟುವುದಕ್ಕಿಂತ ಮುಂಚಿನದು. ಚಾಲುಕ್ಯರ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಅದರ ಋಣಾದಾನದ ಭಾಗದಲ್ಲಿ ಅಡವಿಟ್ಟ ವಸ್ತುವಿನ ಗತಿಯೂ ಚರ್ಚೆಗೆ ಬರುತ್ತದೆ: ಸಾಲ ಬೆಳೆದು ಎರಡರಷ್ಟಾದರೂ ಬಿಡಿಸಿಕೊಳ್ಳದಿದ್ದರೆ ಒತ್ತೆ ಸಾಲ ಕೊಟ್ಟವನ ಪಾಲು. ಇದೇ ಪರಂಪರೆಯ ದಾಮ್‌ದುಪಟ್ ನಿಯಮವನ್ನು, ಅಂದರೆ ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂಬುದನ್ನು, ಮುಂಬಯಿ ಪ್ರಾಂತ್ಯದ ಬ್ರಿಟಿಷ್ ಕೋರ್ಟುಗಳೂ ಹಿಂದೂ ಸಾಲಗಾರರಿಗೆ ಅನ್ವಯಿಸಿದವು. ಧಾರವಾಡ, ಬೆಳಗಾವಿ, ವಿಜಾಪುರಗಳು ಆ ಪ್ರಾಂತ್ಯದೊಳಗೇ ಇದ್ದವು. ನ್ಯಾಯವೆಂದು ಹೊಗಳಲು ಅವಸರ ಬೇಡ. ಇಮ್ಮಡಿ ಎಂಬುದೂ ಸಣ್ಣ ಭಾರವಲ್ಲ. ಆದರೆ ಸಾಲಕ್ಕೆ ಒಂದು ಮೇಲ್ಮಿತಿ ಇತ್ತು.

1882ರ ಸ್ವತ್ತು ವರ್ಗಾವಣೆ ಕಾಯ್ದೆ ಇನ್ನೊಂದು ಬಗೆಯ ತಡೆ ಹಾಕಿತು. ಕೋರ್ಟಿನ ಗೊಡವೆಯಿಲ್ಲದೆ ಅಡಮಾನದ ಆಸ್ತಿ ಮಾರುವ ಅಧಿಕಾರವನ್ನು ಅದರ 69ನೇ ಕಲಂ ಕೆಲವೇ ಸಂದರ್ಭಕ್ಕೆ ಸೀಮಿತಗೊಳಿಸಿತು. ಕಲ್ಕತ್ತ, ಮದರಾಸು, ಮುಂಬಯಿಯಂಥ ಪಟ್ಟಣಗಳನ್ನು ಬಿಟ್ಟರೆ ಸಾಮಾನ್ಯ ಹಿಂದೂ ಅಥವಾ ಮುಸ್ಲಿಂ ಸಾಲಗಾರನ ಮನೆ ಮಾರಲು ಕೋರ್ಟಿಗೇ ಹೋಗಬೇಕಿತ್ತು. ಕೋರ್ಟಿಗೆ ಹೋದರೆ ವರ್ಷಗಳು.

ಇಲ್ಲಿಂದ ಕತೆ ಮತ್ತೆ ನಾಗಪುರಕ್ಕೆ ಬರುತ್ತದೆ. 1877ರಲ್ಲಿ ಜಮ್‌ಶೇಟ್‌ಜಿ ಟಾಟಾ ಎಂಪ್ರೆಸ್ ಮಿಲ್ ಶುರುಮಾಡಿದ್ದು ಈ ಊರಿನಲ್ಲೇ. ಸುತ್ತಣ ಸೀಮೆಯೆಲ್ಲ ಹತ್ತಿ. 1929ರ ನಂತರದ ಜಾಗತಿಕ ಕುಸಿತದಲ್ಲಿ ಹತ್ತಿಯ ಬೆಲೆ ನೆಲಕಚ್ಚಿತು. ಸಾಲ ಮಾತ್ರ ಹಳೆಯ ಬೆಲೆಯದ್ದೇ. ಜಮೀನು ಮಾರಿದರೂ ಸಾಲ ತೀರದು, ಕೊಳ್ಳುವವರೂ ಇಲ್ಲ. ಆಗ ನಾಗಪುರ ರಾಜಧಾನಿಯಾಗಿದ್ದ ಮಧ್ಯಪ್ರಾಂತ್ಯ 1933ರಲ್ಲಿ ಸಾಲ ರಾಜಿ ಕಾಯ್ದೆ ಮಾಡಿತು. ದೇಶದಲ್ಲಿ ಇಂಥದ್ದು ಅದೇ ಮೊದಲು. ಸಾಲಗಾರ ಮಂಡಲಿಗೆ ಅರ್ಜಿ ಹಾಕುವುದು, ಮಂಡಲಿ ಸಾಹುಕಾರರನ್ನು ಕರೆಸುವುದು, ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ‘ತೀರಿಸಬಲ್ಲದ್ದು ಇಷ್ಟು, ಒಪ್ಪುತ್ತೀರಾ?’ ಎಂದು ಕೇಳುವುದು. ನನಗೆ ಈ ಕಾಯ್ದೆಯ ಮೇಲೆ ಪಕ್ಷಪಾತ ಉಂಟು, ಅದಕ್ಕೆ ಕಾರಣ ಇದರ ಮುಂದಿನ ಸಾಲು. ನ್ಯಾಯವಾದ ಮೊತ್ತವನ್ನು ಸಾಹುಕಾರ ಮೊಂಡುತನದಿಂದ ತಳ್ಳಿಹಾಕಿದರೆ ಮಂಡಲಿ ಸಾಲಗಾರನಿಗೊಂದು ಪ್ರಮಾಣಪತ್ರ ಕೊಡಬಹುದಿತ್ತು. ಅದು ಕೈಯಲ್ಲಿದ್ದರೆ ಮುಂದೆ ಕೋರ್ಟಿನಲ್ಲಿ ಸಾಹುಕಾರ ಗೆದ್ದರೂ ಖರ್ಚು ಸಿಗುವುದಿಲ್ಲ, ಬಡ್ಡಿಗೂ ಕತ್ತರಿ. ರಾಜಿ ಒಲ್ಲೆ ಎನ್ನುವುದಕ್ಕೆ ಬೆಲೆ ತೆರಬೇಕಿತ್ತು. ಪಂಜಾಬು, ಬಂಗಾಳ, 1936ರಲ್ಲಿ ಮದರಾಸು ಇದೇ ದಾರಿ ಹಿಡಿದವು. ಹಾಗೆ ಬಳ್ಳಾರಿ, ದಕ್ಷಿಣ ಕನ್ನಡಗಳಿಗೂ ಈ ಏರ್ಪಾಟು ಬಂತು. ಮೈಸೂರು ಸಂಸ್ಥಾನವೂ ಅದೇ ದಶಕದಲ್ಲಿ ಕಾನೂನು ಮಾಡಿತು.

ಸ್ವಾತಂತ್ರ್ಯದ ನಂತರ ಸಾಹುಕಾರನ ಜಾಗಕ್ಕೆ ಬ್ಯಾಂಕು ಬಂತು; ಲೋಲಕ ಇನ್ನೊಂದು ಕಡೆಗೆ ಜೀಕಿತು. ವಸೂಲಿಯ ಮೊಕದ್ದಮೆಗಳು ಕೊಳೆಯುತ್ತಿವೆಯೆಂದು 1991ರ ನರಸಿಂಹಂ ಸಮಿತಿ ಹೇಳಿತು. 1993ರಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗಳ ಕಾನೂನು ಬಂತು. ನಾಗಪುರಕ್ಕೂ ಅಂಥ ಒಂದು ನ್ಯಾಯಮಂಡಳಿ, ಅಂದರೆ ಡಿ.ಆರ್.ಟಿ., ಸಿಕ್ಕಿತು. ಅದೂ ಸಾಲದೆಂದು ಆಂಧ್ಯಾರುಜಿನಾ ಸಮಿತಿಯ ಸಲಹೆಯಂತೆ 2002ರ ಜೂನಿನಲ್ಲಿ ಸುಗ್ರೀವಾಜ್ಞೆ, ವರ್ಷಾಂತ್ಯಕ್ಕೆ ಸರ್ಫೇಸಿ ಕಾಯ್ದೆ. ಕೋರ್ಟಿನ ಮೆಟ್ಟಿಲು ಹತ್ತದೆಯೇ ಬ್ಯಾಂಕು ಮನೆ ಮಾರಬಹುದು. ಅರ್ಜಿ ಹಾಕಲು ಸಾಲಗಾರ ಮೊದಲು ಬಾಕಿಯ ನೂರಕ್ಕೆ 75 ಕಟ್ಟಬೇಕೆಂಬ ಷರತ್ತನ್ನು 2004ರ ಏಪ್ರಿಲಿನಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಿತ್ತುಹಾಕಿತು. ಕಾಯ್ದೆಯ ಉಳಿದ ಮೈ ನಿಂತಿತು.

ಅದು ನಡೆಯುವ ಬಗೆ ಹೀಗೆ. ಮೊದಲು 60 ದಿನದ ನೋಟಿಸು. ಸಾಲಗಾರ ಬರೆದು ಆಕ್ಷೇಪಿಸಿದರೆ ಬ್ಯಾಂಕು 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಬೇಕು. ಆಮೇಲೆ ಸ್ವಾಧೀನ: ಬಾಗಿಲಿಗೆ ಚೀಟಿ ಅಂಟಿಸಿ, ಎರಡು ಪತ್ರಿಕೆಯಲ್ಲಿ ಹಾಕಿಸುವುದು, ಒಂದು ಸ್ಥಳೀಯ ಭಾಷೆಯದ್ದು. ನಾಗಪುರದಲ್ಲಾದರೆ ಮರಾಠಿ, ನಮ್ಮಲ್ಲಾದರೆ ಕನ್ನಡ. ಸ್ವಾಧೀನವನ್ನು ಪ್ರಶ್ನಿಸಲು ಡಿ.ಆರ್.ಟಿ.ಗೆ 45 ದಿನದೊಳಗೆ ಹೋಗಬೇಕು. ಮಾರುವ ಮುಂಚೆ ಅಧಿಕೃತ ಮೌಲ್ಯಮಾಪಕನಿಂದ ಬೆಲೆ ಕಟ್ಟಿಸಿ ಕನಿಷ್ಠ ಬೆಲೆ ನಿಗದಿ ಮಾಡಬೇಕು, ಮಾರಾಟದ ನೋಟಿಸು ಕೊಡಬೇಕು.

ನಮ್ಮಲ್ಲಿ ಶಾರ್ಟ್ ಸೇಲ್‌ಗೆ ತೀರ ಹತ್ತಿರದ್ದು ಈ ಕಾಯ್ದೆಯ ನಿಯಮಾವಳಿಯ 9ನೇ ನಿಯಮದೊಳಗೆ ಅಡಗಿ ಕೂತಿದೆ. ಕನಿಷ್ಠ ಬೆಲೆಗಿಂತ ಹೆಚ್ಚು ಹುಟ್ಟದಿದ್ದರೆ ಸಾಲಗಾರ ಮತ್ತು ಬ್ಯಾಂಕು ಇಬ್ಬರೂ ಒಪ್ಪಿದ ಮೇಲೆ ಸಿಕ್ಕ ಬೆಲೆಗೆ ಮಾರಬಹುದು. ಇಬ್ಬರ ಒಪ್ಪಿಗೆಯಲ್ಲೂ ‘ಉಳಿದ ಬಾಕಿ ಮಾಫಿ’ ಎಂಬ ಮಾತು ತಾನಾಗಿ ಸೇರಿಕೊಳ್ಳುವುದಿಲ್ಲ. ಕಾಯ್ದೆಯ 13ನೇ ಕಲಮಿನ 10ನೇ ಉಪಕಲಂ ನೇರವಾಗಿಯೇ ಇದೆ: ಮಾರಿ ಬಂದ ಹಣ ಸಾಲದಿದ್ದರೆ ಉಳಿದದ್ದಕ್ಕೆ ಬ್ಯಾಂಕು ಡಿ.ಆರ್.ಟಿ.ಗೋ ಕೋರ್ಟಿಗೋ ಹೋಗಬಹುದು. 50 ಲಕ್ಷದ ಬಾಕಿ, ಮನೆ 40ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಆ 10 ಲಕ್ಷ, ಮೇಲಿನ ಹರಾಜಿನ ಖರ್ಚು, ಸಾಲಗಾರನ ಬೆನ್ನಿಗೇ. ಅವನು ಕೊಡದಿದ್ದರೆ, ಗೆಳೆತನಕ್ಕೆ ಸಹಿ ಹಾಕಿದ ಜಾಮೀನುದಾರನ ಬೆನ್ನಿಗೆ. ಹಾಗೆಯೇ ಬಾಕಿ 30 ಇದ್ದು ಮನೆ 40ಕ್ಕೆ ಹೋದರೆ ಖರ್ಚು ಕಳೆದು ಮಿಕ್ಕದ್ದು ಸಾಲಗಾರನಿಗೇ ಸೇರಬೇಕು. ಈ ಎರಡನೆಯದನ್ನು ಹೇಳುವ ವಿಡಿಯೊ ಏಕೋ ಓಡುವುದಿಲ್ಲ.

ಬಾಕಿ ನಿಜವಾಗಿ ಕರಗುವ ಜಾಗ ಒಂದೇ, ಒ.ಟಿ.ಎಸ್. ಎಂದು ಎಲ್ಲರೂ ಕರೆಯುವ ಏಕಗಂಟಿನ ರಾಜಿ. ಬ್ಯಾಂಕು ಒಪ್ಪಿದರೆ ಸಾಲಗಾರನೇ ಗಿರಾಕಿ ತಂದು, ಆ ಹಣ ಕಟ್ಟಿ, ಪತ್ರ ಬಿಡಿಸಿಕೊಳ್ಳಬಹುದು. ಹರಾಜಿಗಿಂತ ಸಾಮಾನ್ಯವಾಗಿ ಒಳ್ಳೆಯ ಬೆಲೆ ಹುಟ್ಟುತ್ತದೆ. ಆದರೆ ಇದು ಹಕ್ಕಲ್ಲ. ಬಿಜ್ನೋರ್ ನಗರ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಹೇಳಿತು: ಒ.ಟಿ.ಎಸ್. ಕೊಡಿ ಎಂದು ಬ್ಯಾಂಕಿಗೆ ಕೋರ್ಟು ಆಜ್ಞೆ ಮಾಡುವಂತಿಲ್ಲ. 1933ರ ನಾಗಪುರದಲ್ಲಿ ರಾಜಿಗೆ ಒಲ್ಲೆ ಎಂದವನು ಬೆಲೆ ತೆರಬೇಕಿತ್ತು. ಈಗ ಕೇಳಿದವನು ಕಾಯಬೇಕು.

ಈ ಕಾಯುವಿಕೆಯಲ್ಲೇ ಮಧ್ಯವರ್ತಿ ಹುಟ್ಟುತ್ತಾನೆ. ಸಾಲ ಮನ್ನಾ ಮಾಡಿಸುತ್ತೇವೆಂದು ಜಾಹೀರಾತು ಕೊಟ್ಟು, ಶುಲ್ಕ ಪಡೆದು, ಯಾವ ಅಧಿಕಾರವೂ ಇಲ್ಲದೆ ‘ಋಣಮುಕ್ತಿ ಪ್ರಮಾಣಪತ್ರ’ ಹಂಚುವವರ ಬಗ್ಗೆ ರಿಸರ್ವ್ ಬ್ಯಾಂಕು 2023ರ ಡಿಸೆಂಬರ್ 11ರಂದು ಪ್ರಕಟಣೆ ಹೊರಡಿಸಿ ಎಚ್ಚರಿಸಬೇಕಾಯಿತು. ಅದೇ ವರ್ಷದ ಜೂನಿನ ಅದರ ಸುತ್ತೋಲೆ ಮತ್ತೊಂದು ಗಾಳಿಮಾತಿಗೂ ಉತ್ತರ ಕೊಡುತ್ತದೆ. ರಾಜಿಯಾದ ತಕ್ಷಣ ಹೊಸ ಸಾಲ ಸಿಗುತ್ತದೆ ಎಂಬುದು ಸುಳ್ಳು. ಕೃಷಿಯೇತರ ಸಾಲದಲ್ಲಿ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಕೈ ಕಟ್ಟಿ ಕೂರಬೇಕು. ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ‘ಪೂರ್ತಿ ತೀರಿದೆ’ ಎಂದಲ್ಲ, ‘ಸೆಟಲ್ಡ್’ ಎಂದೇ ಬೀಳುತ್ತದೆ.

ಕೊಳ್ಳುವವರ ಕಿವಿಗೆ ಬೀಳುವ ಸುಳ್ಳು ಬೇರೆ: ಬ್ಯಾಂಕಿನ ಹರಾಜು, ಆದ್ದರಿಂದ ಕಾಗದಪತ್ರ ಚೊಕ್ಕ. ನೋಟಿಸಿನ ತಳದಲ್ಲಿ ‘ಇದ್ದಲ್ಲಿ, ಇದ್ದ ಹಾಗೆ’ ಎಂದು ಬರೆದಿರುತ್ತದೆ. ಸ್ವಾಧೀನ ಸಾಂಕೇತಿಕವೋ ನಿಜದ್ದೋ ಎಂಬುದೂ ಅಲ್ಲೇ. ಸಾಂಕೇತಿಕವಾದರೆ ಒಳಗೆ ಇನ್ನೂ ಸಂಸಾರ ನಡೆಯುತ್ತಿರುತ್ತದೆ. ಗೆದ್ದವನು ನೂರಕ್ಕೆ 25ನ್ನು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು, ಉಳಿದದ್ದು ಮಾರಾಟ ಖಚಿತವಾದ 15 ದಿನದಲ್ಲಿ. ತಪ್ಪಿದರೆ ಕಟ್ಟಿದ್ದೂ ಹೋಯಿತು. ನಾಗಪುರದಲ್ಲಿ ನಜೂಲ್ ಎಂಬ ಸರ್ಕಾರಿ ಜಾಗದ ಲೀಸು, ಇಂಪ್ರೂವ್‌ಮೆಂಟ್ ಟ್ರಸ್ಟಿನ ಮಂಜೂರಾತಿ ನೋಡಬೇಕು. ಬೆಂಗಳೂರಿನಲ್ಲಿ ಎ ಖಾತೆಯೋ ಬಿ ಖಾತೆಯೋ ಎಂಬುದನ್ನು. ಹಳೆಯ ಮಾಲೀಕ ಉಳಿಸಿಹೋದ ಕರೆಂಟು ಬಿಲ್ಲು ಕೂಡ ಕೊಂಡವನ ತಲೆಗೆ ಬರಬಹುದೆಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಸಾಲಗಾರನ ಕಡೆಯಿಂದ ನೋಡಿದರೆ ಎಲ್ಲಕ್ಕಿಂತ ದುಬಾರಿಯ ತಪ್ಪು ತಿಳಿವಳಿಕೆ ದಿನಾಂಕದ್ದು. ಹರಾಜು ಮುಗಿಯುವವರೆಗೂ, ಕ್ರಯಪತ್ರ ಆಗುವವರೆಗೂ ಹಣ ತಂದು ಮನೆ ಬಿಡಿಸಿಕೊಳ್ಳಬಹುದೆಂದು ಹಳಬರು ಈಗಲೂ ನಂಬುತ್ತಾರೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 2016ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು, 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟರ್ಸ್ ತೀರ್ಪು ಅದನ್ನು ಗಟ್ಟಿ ಮಾಡಿತು. ಈಗ ಬಿಡಿಸಿಕೊಳ್ಳುವ ಹಕ್ಕು ಉಳಿದಿರುವುದು ಹರಾಜಿನ ನೋಟಿಸು ಪೇಪರಿನಲ್ಲಿ ಅಚ್ಚಾಗುವ ತನಕ. ಒ.ಟಿ.ಎಸ್. ಅರ್ಜಿ, ಸ್ವಂತ ಗಿರಾಕಿ, ಉಳಿದ ಬಾಕಿ ಬಿಟ್ಟಿದ್ದೇವೆಂದು ಬ್ಯಾಂಕಿನ ಲೆಟರ್‌ಹೆಡ್ಡಿನ ಬರಹ, ಜಾಮೀನುದಾರನ ಹೆಸರೂ ಅದರಲ್ಲಿರುವುದು, ಇವೆಲ್ಲ ಅದಕ್ಕೆ ಮುಂಚೆ ಆಗಬೇಕು. ಪೂರ್ತಿ ಹಣ ಕಟ್ಟಿದ 30 ದಿನದೊಳಗೆ ಮೂಲಪತ್ರಗಳು ಕೈಗೆ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅದೇ ಕೊಡಬೇಕೆಂದು 2023ರ ಡಿಸೆಂಬರಿನಿಂದ ನಿಯಮವಿದೆ.