11 ಎಂಬಿಗೆ ನಿಂತುಹೋದ ಕಾಪಿ: ಮನೆಯ ಫೈಲ್ ಸರ್ವರ್‌ನಲ್ಲಿ ನೆಟ್‌ವರ್ಕ್ ತೊಂದರೆ ಹುಡುಕೋದು

ಇವತ್ತಿನ ಟಾಕ್‌ನಲ್ಲಿ ಸ್ಲೈಡ್ ಒಂದೂ ಇಲ್ಲ. ಹಾಗಾಗಿ ವಿಡಿಯೋ ನೋಡದೆ ಇಲ್ಲಿ ಓದ್ತಿರೋರಿಗೆ ಏನೂ ತಪ್ಪಿಹೋಗಿಲ್ಲ.

ಹೋದ ತಿಂಗಳು ಅಪ್ಪ ಸಾಗರದಿಂದ ಪುಣೆಗೆ ಬಂದಿದ್ರು. ಬ್ಯಾಗಿನಲ್ಲಿ ಪಂಚೆ ಸುತ್ತಿಟ್ಟುಕೊಂಡು ಒಂದು ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದಿದ್ರು. "ಇದು ಟಕ್ ಟಕ್ ಅಂತದೆ, ನೋಡು ಮಾರಾಯ" ಅಂದ್ರು. ಒಳಗೆ ಸುಮಾರು 400 ಜಿಬಿ: ಹಳೇ ಕ್ಯಾಮರಾದ ವಿಡಿಯೋ, ಮದುವೆ ಫೋಟೋ, ಮತ್ತೆ ಅಮ್ಮ ಹೇಳ್ತಿದ್ದ ಹಸೆ ಹಾಡುಗಳು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದು. ಅಮ್ಮ ಹೋಗಿ ಆರು ವರ್ಷ ಆಯ್ತು. ಕ್ಯಾಸೆಟ್ಟುಗಳಿಗೆ ಯಾವತ್ತೋ ಬೂಸಲು ಬಂದಿದೆ. ಬೇರೆ ಕಾಪಿ ಎಲ್ಲೂ ಇಲ್ಲ.

ನಮ್ಮ ಮನೆಯಲ್ಲಿ ಹಳೇ ಪಿಸಿಗೆ ಲಿನಕ್ಸ್ ಹಾಕಿ ನಾನೇ ಮಾಡಿಕೊಂಡ ನ್ಯಾಸ್ ಇದೆ, ಅಂದ್ರೆ ಫೈಲ್ ಇಡೋ ಸರ್ವರ್. ಡಿಸ್ಕನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನ್ಯಾಸ್‌ಗೆ ಕಾಪಿ ಹಾಕಿದೆ. ಸೆಕೆಂಡಿಗೆ 11 ಎಂಬಿ. ಲೆಕ್ಕ ಹಾಕಿ: 400 ಜಿಬಿಗೆ ಹತ್ತು ಗಂಟೆ. ಸಾಯ್ತಿರೋ ಡಿಸ್ಕನ್ನ ಹತ್ತು ಗಂಟೆ ತಿರುಗಿಸೋದು ಅಂದ್ರೆ ಜೂಜು.

ನನಗೆ ಮೊದಲು ಅನುಮಾನ ಬಂದಿದ್ದು ಡಿಸ್ಕ್ ಮೇಲೇ. ಟಕ್ ಟಕ್ ಅಂತಿದೆಯಲ್ಲ, ಇನ್ಯಾರು ಕಳ್ಳ? ಇಲ್ಲೇ ನಾವೆಲ್ಲ ಎಡವೋದು. ಕಾಪಿ ಅನ್ನೋದ್ರಲ್ಲಿ ಡಿಸ್ಕ್, ನೆಟ್‌ವರ್ಕ್, ಆಚೆ ಕಡೆ ಇನ್ನೊಂದು ಡಿಸ್ಕ್, ನಡುವೆ ಸಾಂಬಾ, ಎಲ್ಲಾ ಒಟ್ಟಿಗೆ ಕೆಲಸ ಮಾಡ್ತವೆ. ನಿಧಾನ ಆದಾಗ ಯಾರಿಂದ ಅಂತ ಕಾಪಿ ವಿಂಡೋ ಹೇಳಲ್ಲ. ಆದ್ರೆ ಆ ಸಂಖ್ಯೆ ಹೇಳುತ್ತೆ. ಕೆಟ್ಟುಹೋಗ್ತಿರೋ ಡಿಸ್ಕಿನ ಸ್ಪೀಡ್ ಏರುತ್ತೆ, ಬೀಳುತ್ತೆ, ಸೊನ್ನೆಗೆ ಬಂದು ನಿಂತು ಮತ್ತೆ ಏಳುತ್ತೆ. ನನ್ನದು ಗೆರೆ ಎಳೆದ ಹಾಗೆ 11ರಲ್ಲೇ ಇತ್ತು. 100 ಮೆಗಾಬಿಟ್ಟನ್ನ 8ರಿಂದ ಭಾಗಿಸಿದ್ರೆ 12.5 ಎಂಬಿ, ಹೆಡರ್ ಖರ್ಚು ಕಳೆದ್ರೆ ಕೈಗೆ ಸಿಗೋದು 11 ಚಿಲ್ಲರೆ. ಗಿಗಾಬಿಟ್ ಲೈನ್ ಆದ್ರೆ 110ರ ಆಸುಪಾಸು ಬರಬೇಕು. ಎಲ್ಲೋ ಒಂದು ಕಡೆ ನನ್ನ ಗಿಗಾಬಿಟ್ ನೆಟ್‌ವರ್ಕ್ 100ಕ್ಕೆ ಇಳಿದು ಕೂತಿದೆ.

ತಕ್ಷಣ ಮಾಡಿದ ಕೆಲಸ, ಡಿಸ್ಕ್ ಕಿತ್ತು ಪಕ್ಕಕ್ಕಿಟ್ಟಿದ್ದು. ನೆಟ್‌ವರ್ಕ್ ಪರೀಕ್ಷೆ ಮಾಡೋಕೆ ಅಮ್ಮನ ಹಾಡು ಬೇಕಾಗಿಲ್ಲ. ಅದಕ್ಕೆ ಐಪರ್ಫ್3 ಅನ್ನೋ ಪ್ರೋಗ್ರಾಂ ಇದೆ. ನ್ಯಾಸ್‌ನಲ್ಲಿ ಅದನ್ನ ಸರ್ವರ್ ಆಗಿ ಓಡಿಸಿ, ಲ್ಯಾಪ್‌ಟಾಪಿಂದ ಕ್ಲೈಂಟ್ ಆಗಿ ಕನೆಕ್ಟ್ ಆದ್ರೆ ಮೆಮೊರಿಯಿಂದ ಮೆಮೊರಿಗೆ ಡೇಟಾ ಕಳಿಸುತ್ತೆ, ಡಿಸ್ಕ್ ಮುಟ್ಟಲ್ಲ. ಬಂದ ಉತ್ತರ 94 ಮೆಗಾಬಿಟ್. ಡಿಸ್ಕ್ ನಿರಪರಾಧಿ ಅಂತ ತೀರ್ಮಾನ ಆಯ್ತು, ಸದ್ಯಕ್ಕೆ. ರಿವರ್ಸ್ ಆಪ್ಷನ್ ಹಾಕಿ ಎರಡೂ ದಿಕ್ಕಿನಲ್ಲಿ ನೋಡಿ, ಯಾಕಂದ್ರೆ ಒಂದೇ ಕಡೆ ಹಾಳಾಗಿರೋ ಲೈನುಗಳೂ ಇರ್ತವೆ.

ಆಮೇಲೆ ಎಥ್‌ಟೂಲ್. ಎರಡೂ ಮೆಷಿನ್‌ನಲ್ಲಿ ಓಡಿಸಿದೆ. ಲ್ಯಾಪ್‌ಟಾಪ್‌ನಲ್ಲಿ ಸ್ಪೀಡ್ 1000, ನ್ಯಾಸ್‌ನಲ್ಲಿ 100. ಅಂದ್ರೆ ತಪ್ಪಿರೋದು ನ್ಯಾಸ್‌ನಿಂದ ಸ್ವಿಚ್ಚಿಗೆ ಹೋಗೋ ದಾರಿಯಲ್ಲಿ. ಆ ದಾರಿ ಹಾಲ್‌ನಿಂದ ರೂಮಿಗೆ ಗೋಡೆಯೊಳಗೆ ಹೋಗುತ್ತೆ, ಫ್ಲ್ಯಾಟ್ ಕಟ್ಟಿದಾಗಲೇ ಎಳೆದ ಕೇಬಲ್. ಗೋಡೆಯ ಸಾಕೆಟ್ ಬಿಚ್ಚಿದೆ. ಎಂಟು ವೈರಿನಲ್ಲಿ ನಾಲ್ಕನ್ನೇ ಕೂರಿಸಿದ್ದಾರೆ! ನೀಲಿ ಜೋಡಿ, ಕಂದು ಜೋಡಿ ಎರಡೂ ಹಿಂದಕ್ಕೆ ಮಡಚಿ ಹಾಗೇ ಬಿಟ್ಟಿವೆ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು, ಪಿನ್ 1, 2, 3 ಮತ್ತು 6. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕೇ ಬೇಕು. ನೀಲಿ, ಕಂದು ಜೋಡಿಗಳಲ್ಲಿ ಒಂದು ವೈರ್ ತುಂಡಾದ್ರೂ ಸಾಕು, ಎರಡು ಕಡೆಯ ಪೋರ್ಟುಗಳು ಸಾಮಾನ್ಯವಾಗಿ 100ಕ್ಕೆ ಇಳಿದುಬಿಡ್ತವೆ. ಇಂಟರ್ನೆಟ್ ಪ್ಲಾನ್ 100ರದ್ದೇ ಆಗಿದ್ರಿಂದ ಮೂರು ವರ್ಷ ಯಾರಿಗೂ ಗೊತ್ತಾಗಿಲ್ಲ. ನೀವು ಬಾಡಿಗೆ ಮನೆಯಲ್ಲಿದ್ದು ಗೋಡೆಯ ಸಾಕೆಟ್ ನಂಬಿಕೊಂಡಿದ್ರೆ ಒಂದ್ಸಲ ಬಿಚ್ಚಿ ನೋಡಿ. ನಾಲ್ಕು ವೈರ್ ಕೂರಿಸಿಕೊಂಡೆ, ಎಥ್‌ಟೂಲ್ 1000 ಅಂತು, ಐಪರ್ಫ್ 940.

"ಡಿಸ್ಕನ್ನ ನೇರ ಆ ಪಿಸಿಗೇ ಸಿಕ್ಕಿಸಬಹುದಿತ್ತಲ್ಲ?" ಅಂತ ಹೆಂಡತಿ ಕೇಳಿದಳು. ಸಿಕ್ಕಿಸಬಹುದಿತ್ತು. ಆಗ ತಲೆಗೆ ಹೊಳೀಲಿಲ್ಲ. ಎಂಟೆಕ್ ಮಾಡಿದ್ದಕ್ಕೆ ಇಷ್ಟೂ ಬೇಡವಾ!

ಇಲ್ಲಿಗೆ ನಿಲ್ಲಿಸಿದ್ರೆ ಒಳ್ಳೇದಿತ್ತು. ನನಗೆ ಆಸೆ ಜಾಸ್ತಿ. ಜಂಬೋ ಫ್ರೇಮ್ ಹಾಕಿದ್ರೆ ಇನ್ನೂ ಬೇಗ ಆಗುತ್ತೆ ಅಂತ ಎರಡೂ ಮೆಷಿನ್‌ನಲ್ಲಿ ಎಂಟಿಯು 1500 ಇದ್ದದ್ದನ್ನ 9000 ಮಾಡಿದೆ. ಎಂಟಿಯು ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ. ಆಮೇಲೆ ಶುರುವಾಯ್ತು ವಿಚಿತ್ರ. ಪಿಂಗ್ ಬರುತ್ತೆ. ಲಾಗಿನ್ ಆಗುತ್ತೆ. ಚಿಕ್ಕ ಫೋಲ್ಡರ್ ತೆರೆಯುತ್ತೆ. ದೊಡ್ಡ ಫೈಲ್ ಕಾಪಿ ಹಾಕಿದ್ರೆ ಶೂನ್ಯದಲ್ಲಿ ನಿಂತು ಬಿಡುತ್ತೆ, ಎರರ್ ಕೂಡ ಇಲ್ಲ.

ನಡುವೆ ಇದ್ದ ನನ್ನ ಅಗ್ಗದ ಸ್ವಿಚ್ಚಿಗೆ ಜಂಬೋ ಫ್ರೇಮ್ ಗೊತ್ತಿಲ್ಲ. ನಮ್ಮ ಸೊಸೈಟಿ ಲಿಫ್ಟಿನ ಹಾಗೆ ಅಂದ್ಕೊಳ್ಳಿ. ಹಾಲಿನ ಪ್ಯಾಕೆಟ್ ಎಷ್ಟು ಬೇಕಾದ್ರೂ ಹೋಗುತ್ತೆ, ಸೋಫಾ ಹಿಡಿಯಲ್ಲ. ಹಿಡಿಯಲ್ಲ ಅನ್ನೋದು ಸರಿ, ಆದ್ರೆ ಹಾಗಂತ ಹೇಳೋಕೆ ವಾಚ್‌ಮನ್ ಕೂಡ ಇಲ್ಲ. ರೂಟರ್ ಆಗಿದ್ರೆ "ಇದು ದೊಡ್ಡದಾಯ್ತು" ಅಂತ ಸಂದೇಶ ವಾಪಸ್ ಕಳಿಸೋ ವ್ಯವಸ್ಥೆ ಇದೆ. ಸ್ವಿಚ್ ಹಾಗಲ್ಲ, ಸುಮ್ನೆ ಎಸೆದುಬಿಡುತ್ತೆ. ಟಿಸಿಪಿ ಶುರುವಿನಲ್ಲಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಗಾತ್ರ ಹೇಳಿಕೊಳ್ತಾರೆ ನಿಜ. ಒಂದು ಕಡೆ 1500, ಇನ್ನೊಂದು ಕಡೆ 9000 ಇದ್ರೆ ಚಿಕ್ಕದಕ್ಕೇ ಒಪ್ಪಿಕೊಂಡು ಬಚಾವ್ ಆಗ್ತಾರೆ. ಇಲ್ಲಿ ಇಬ್ಬರೂ 9000 ಅಂದ್ರು, ನಡುವಿನವನನ್ನ ಯಾರೂ ಕೇಳಲಿಲ್ಲ.

ಇದನ್ನ ಹಿಡಿಯೋದು ಪಿಂಗ್‌ನಿಂದಲೇ, ಆದ್ರೆ ಸಾದಾ ಪಿಂಗ್ ಅಲ್ಲ. ಒಡೆಯಬೇಡ ಅಂತ ಹೇಳಿ, 8972 ಬೈಟ್ ತುಂಬಿ ಕಳಿಸಬೇಕು. ವಿಂಡೋಸ್‌ನಲ್ಲಿ ಮೈನಸ್ ಎಫ್, ಮೈನಸ್ ಎಲ್ 8972. ಲಿನಕ್ಸ್‌ನಲ್ಲಿ ಮೈನಸ್ ದೊಡ್ಡ ಎಂ ಡು, ಮೈನಸ್ ಎಸ್ 8972. 9000ದಲ್ಲಿ ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಕಳೆದದ್ದು ಅಷ್ಟು. ನನಗೆ ಉತ್ತರ ಬರಲಿಲ್ಲ. 1472 ಹಾಕಿದೆ, ಬಂತು. ಎರಡೂ ಕಡೆ 1500ಕ್ಕೆ ಇಳಿಸಿದೆ, ಕಾಪಿ ಓಡ್ತು. ಮನೆಯಲ್ಲಿ ಜಂಬೋ ಫ್ರೇಮ್ ಬೇಡ ಅನ್ನೋದು ಈಗ ನನ್ನ ಖಾಯಂ ಅಭಿಪ್ರಾಯ.

ಮೂರನೇದು ಚಿಕ್ಕದು, ಆದ್ರೆ ಜೀವ ತಿಂದಿದ್ದು. ಸಂಜೆ ಮಗಳು ಟಿವಿ ಹಾಕಿದ ತಕ್ಷಣ ನ್ಯಾಸ್ ಮಾಯ. ನ್ಯಾಸ್‌ಗೆ ನಾನು ಕೈಯಾರೆ ಕೊಟ್ಟಿದ್ದ ಐಪಿ, ರೂಟರ್ ಹಂಚೋ ಪಟ್ಟಿಯೊಳಗೇ ಇತ್ತು. ಅದೇ ನಂಬರನ್ನ ರೂಟರ್ ಟಿವಿಗೂ ಕೊಟ್ಟಿತ್ತು. ಇದಕ್ಕೆ ಸುಲಭ ಪರೀಕ್ಷೆ: ನ್ಯಾಸ್‌ನ ಕೇಬಲ್ ಕಿತ್ತು, ಅದರ ಐಪಿಗೆ ಪಿಂಗ್ ಮಾಡಿ. ಯಾರಾದ್ರೂ ಉತ್ತರ ಕೊಟ್ರೆ ಅದೇ ಹೆಸರಲ್ಲಿ ಇನ್ನೊಬ್ಬ ಇದ್ದಾನೆ ಅಂತ ಅರ್ಥ. ರೂಟರ್‌ನಲ್ಲಿ ನ್ಯಾಸ್‌ನ ಮ್ಯಾಕ್ ವಿಳಾಸಕ್ಕೆ ಆ ಐಪಿ ರಿಸರ್ವ್ ಮಾಡಿದೆ, ಗಲಾಟೆ ಮುಗೀತು.

ಇಷ್ಟೆಲ್ಲ ಆದ ಮೇಲೇ ಡಿಸ್ಕನ್ನ ಮತ್ತೆ ಸಿಕ್ಕಿಸಿದ್ದು. ಡ್ರ್ಯಾಗ್ ಮಾಡಿ ಬಿಡಲಿಲ್ಲ, ಆರ್‌ಸಿಂಕ್ ಬಳಸಿದೆ. ನಡುವೆ ಕಡಿದ್ರೂ ಮುಗಿದ ಫೈಲುಗಳನ್ನ ಮತ್ತೆ ಓದಿಸಲ್ಲ. ಮೊದಲು ಹಾಡಿನ ಫೋಲ್ಡರ್, ಆಮೇಲೆ ಫೋಟೋ, ಕೊನೆಗೆ ವಿಡಿಯೋ. ಸೆಕೆಂಡಿಗೆ 80 ಎಂಬಿ ಸಿಕ್ತು, ಅದು ಆ ಡಿಸ್ಕಿನದೇ ಮಿತಿ. ಒಂದೂವರೆ ಗಂಟೆ ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ರು. ಹತ್ತು ನಿಮಿಷಕ್ಕೊಂದು ಸಲ "ಆಯ್ತನೋ?".

ಎರಡು ಫೈಲ್ ಮಾತ್ರ ಓದಲಿಲ್ಲ, ಇನ್‌ಪುಟ್ ಔಟ್‌ಪುಟ್ ಎರರ್. ಅದು ನಿಜವಾಗಿ ಡಿಸ್ಕಿನ ತಪ್ಪೇ. ಒಂದು ಯಾವುದೋ ಗೃಹಪ್ರವೇಶದ ವಿಡಿಯೋ, ಇನ್ನೊಂದು ಹಾಡಿನ ಫೋಲ್ಡರಿನದು. ಬಾಕಿ ಹಾಡುಗಳಲ್ಲಿ ಒಂದನ್ನ ಅಪ್ಪನಿಗೆ ಹಾಕಿ ಕೊಟ್ಟೆ. ಹಾಡು ಶುರುವಾಗೋ ಮೊದಲು ಅಮ್ಮ ಕೆಮ್ಮಿ, "ಇದು ಹತ್ತಿಕೊಂಡಿದ್ಯಾ?" ಅಂತ ಟೇಪ್ ರೆಕಾರ್ಡರ್ ಬಗ್ಗೆ ಕೇಳ್ತಾಳೆ. ಅಪ್ಪ ಅಷ್ಟನ್ನೇ ಮೂರು ಸಲ ಹಾಕಿಸಿಕೊಂಡ್ರು.

ಡಿಸ್ಕನ್ನ ಎಸೆದಿಲ್ಲ. ಉಳಿದ ಆ ಒಂದು ಹಾಡಿಗೆ ಡಿಡಿ-ರೆಸ್ಕ್ಯೂ ಇವತ್ತು ರಾತ್ರಿ ಓಡಿಸ್ತೀನಿ, ಈ ಸಲ ನೇರ ಆ ಪಿಸಿಗೇ ಸಿಕ್ಕಿಸಿ.